ಇಯರ್‌ಫೋನ್ ತೂತು ಎಲ್ಲಿ ಹೋಯ್ತು? ಟೈಪ್-ಸಿ, ಡಾಂಗಲ್ ಮತ್ತು ನಮ್ಮಮ್ಮನ ಕಿವಿ

ನನ್ನ ದನಿ ಸರಿಯಾಗಿ ಕೇಳ್ತಾ ಇದೆಯಾ? ಹಿಂದೆ ಕೂತವರಿಗೂ? ಸರಿ. ಇವತ್ತು ನಾನು ಮಾತಾಡೋದು ಇದೇ ಪ್ರಶ್ನೆಯ ಬಗ್ಗೆ.

ನಾನು ಪುಣೆಗೆ ಬಂದು 9 ವರ್ಷ ಆಯ್ತು. ಊರು ರಾಣೇಬೆನ್ನೂರು. ಸಾಫ್ಟ್‌ವೇರ್ ಕೆಲಸ. ಎಂಟೆಕ್ ಮಾಡಿದ್ದು ಸಿಗ್ನಲ್ ಪ್ರೊಸೆಸಿಂಗ್‌ನಲ್ಲಿ. ಅಂದ್ರೆ ಧ್ವನಿಯನ್ನ ಅಂಕಿ ಮಾಡೋದು, ಅಂಕಿಯನ್ನ ಮತ್ತೆ ಧ್ವನಿ ಮಾಡೋದು, ಇದನ್ನೇ ಎರಡು ವರ್ಷ ಓದಿದ್ದೇನೆ. ಇಷ್ಟು ಓದಿದವನು ನಮ್ಮಮ್ಮನ ಕಿವಿಗೆ ನನ್ನ ದನಿ ಮುಟ್ಟಿಸೋಕೆ ಒಂದೂವರೆ ತಿಂಗಳು ಒದ್ದಾಡಿದೆ. ಆ ಕಥೆಯನ್ನೂ, ಅದರಿಂದ ಕಲಿತದ್ದನ್ನೂ ಹೇಳ್ತೀನಿ. ನಿಮ್ಮ ಡ್ರಾಯರ್‌ನಲ್ಲೂ ಕೆಲಸ ಮಾಡದ ಒಂದೆರಡು ಡಾಂಗಲ್ ಬಿದ್ದಿರಬಹುದು. ಅದು ಯಾಕೆ ಕೆಲಸ ಮಾಡಲ್ಲ ಅಂತ ಇವತ್ತು ಗೊತ್ತಾಗುತ್ತೆ.

ನಮ್ಮಮ್ಮ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವರು, ಈಗ ನಿವೃತ್ತಿ. ಅಪ್ಪ ತೀರಿಕೊಂಡ ಮೇಲೆ ಊರಲ್ಲಿ ಒಬ್ಬರೇ ಇದ್ದಾರೆ. ಪುಣೆಗೆ ಬಾ ಅಂದ್ರೆ ಬರಲ್ಲ. ಬಲಗಿವಿ ಬಹುತೇಕ ಕೇಳಲ್ಲ, ಎಡಗಿವಿ ಅರ್ಧ. ಫೋನನ್ನ ಕಿವಿಗೆ ಹಿಡಿದ್ರೆ ದನಿ ಬರುತ್ತೆ, ಆದರೆ ಮಾತು ಬಿಡಿಬಿಡಿಯಾಗಿ ತಿಳಿಯಲ್ಲ. ಸ್ಪೀಕರ್ ಹಾಕಿದ್ರೆ ಗೋಡೆಗೆಲ್ಲ ಬಡಿದು ಇನ್ನೂ ಗೊಂದಲ. ಅವರಿಗೆ ಸರಿ ಹೋಗಿದ್ದು ಒಂದೇ, ವೈರಿನ ಇಯರ್‌ಫೋನ್. ಎರಡೂ ಕಿವಿಗೆ ಹಾಕಿಕೊಂಡು, ಮೈಕಿನ ಗುಂಡಿಯನ್ನ ಬಾಯಿ ಹತ್ತಿರ ಹಿಡಿದು ಮಾತಾಡೋರು. "ನೀ ಈಗ ಇಲ್ಲೇ ಬಾಜೂಕ ಕುಂತಂಗ ಆಗತೈತಿ" ಅನ್ನೋರು.

ಬ್ಲೂಟೂತ್ ಕೊಡಿಸಬಹುದಿತ್ತಲ್ಲ ಅಂತೀರಿ. ಕೊಡಿಸಿದ್ದೆ. ಒಂದು ಬಡ್ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು, ಇನ್ನೊಂದು ಇವತ್ತಿಗೂ ಸಿಕ್ಕಿಲ್ಲ. ವೈರಿನದಾದ್ರೆ ಮೊಳೆಗೆ ನೇತು ಹಾಕಬಹುದು, ಚಾರ್ಜ್ ಬೇಡ, ಕಳೆಯಲ್ಲ.

ಅವರ ಹಳೇ ಫೋನಿನ ಬ್ಯಾಟರಿ ಮಧ್ಯಾಹ್ನಕ್ಕೇ ಮುಗಿಯೋಕೆ ಶುರುವಾಯ್ತು. ದೀಪಾವಳಿಗೆ ನಾನು ಹೊಸ ಫೋನ್ ತಗೊಂಡು ಹೋದೆ. ದೊಡ್ಡ ಪರದೆ, ಒಳ್ಳೆ ಕ್ಯಾಮೆರಾ, 5ಜಿ. ಹಬ್ಬ ಮುಗಿಸಿ ರಾತ್ರಿ ಬಸ್ ಹತ್ತಿ ವಾಪಸ್ ಬಂದೆ. ಮರುದಿನ ಅಮ್ಮ ಫೋನ್ ಮಾಡಿ ಕೇಳಿದ ಮೊದಲನೇ ಮಾತು, "ಇದರಾಗ ಕಿವ್ಯಾಗಿಂದು ಚುಚ್ಚೂ ತೂತು ಎಲ್ಲೈತಿ?"

ಇರಲಿಲ್ಲ. ಕೊಳ್ಳುವಾಗ ಪ್ರೊಸೆಸರ್ ನೋಡಿದ್ದೆ, ರ‍್ಯಾಮ್ ನೋಡಿದ್ದೆ, ಕ್ಯಾಮೆರಾ ನೋಡಿದ್ದೆ. 3.5 ಮಿಲಿಮೀಟರಿನ ಆ ತೂತು ಇದೆಯಾ ಅಂತ ನೋಡಿರಲಿಲ್ಲ.

ಇದೇನು ದೊಡ್ಡ ವಿಷಯ ಅಂದುಕೊಂಡೆ. ಒಂದು ಕಡೆ ಟೈಪ್-ಸಿ, ಇನ್ನೊಂದು ಕಡೆ ಹಳೇ ತೂತು ಇರೋ ಡಾಂಗಲ್ ಸಿಗುತ್ತಲ್ಲ, 150 ರೂಪಾಯಿಗೆ ಒಂದನ್ನ ಆನ್‌ಲೈನ್‌ನಲ್ಲಿ ಅಮ್ಮನ ವಿಳಾಸಕ್ಕೆ ಕಳಿಸಿದೆ. ಚುಚ್ಚಿದ್ರು. ಶಬ್ದ ಇಲ್ಲ. ಪೀಸ್ ಕೆಟ್ಟಿರಬೇಕು ಅಂತ ಇನ್ನೊಂದು ಕಂಪನಿಯದು, 200 ರೂಪಾಯಿದು ಕಳಿಸಿದೆ. ಅದೂ ಹಾಗೇ. ಅಮ್ಮ, "ನನಗ ಹಾಕಾಕ ಬರವಲ್ದೇನೋ, ಇರಲಿ ಬಿಡು, ಹಂಗ ಮಾತಾಡೂಣು" ಅಂದ್ರು. ಆಮೇಲಿಂದ ನಮ್ಮ ಮಾತು ಚಿಕ್ಕದಾಯ್ತು. ಮೊದಲು ಅರ್ಧ ಗಂಟೆ ಮಾತಾಡೋರು, ಈಗ ಮೂರು ನಿಮಿಷ. ನಾನು ಏನೇ ಹೇಳಲಿ, "ಹೂಂ", "ಹೂಂ", "ಛಲೋ ಅದೀನಿ, ಊಟ ಮಾಡು". ವಯಸ್ಸಾಯ್ತು, ಮಾತು ಕಡಿಮೆಯಾಗಿದೆ ಅಂದುಕೊಂಡೆ. ಆ ಸಮಯದಲ್ಲಿ ನನಗೂ ಒಂದು ರಿಲೀಸ್ ಇತ್ತು. ಮೂರು ನಿಮಿಷದಲ್ಲಿ ಮುಗಿದ್ರೆ ನನಗೂ ಅನುಕೂಲವೇ ಆಗಿತ್ತು. ಅದನ್ನೂ ಹೇಳಿಬಿಡ್ತೀನಿ.

ಅಮ್ಮನಿಗೆ ಬಿಪಿ ಇದೆ. ಮನೆಯಲ್ಲೇ ಮಷಿನ್‌ನಲ್ಲಿ ನೋಡಿ ಡೈರಿಯಲ್ಲಿ ಬರೀತಾರೆ, ಪುಟದ ಫೋಟೊ ನನಗೆ ಕಳಿಸ್ತಾರೆ, ನಾನು ಡಾಕ್ಟರಿಗೆ ಕಳಿಸ್ತೀನಿ. ಆ ತಿಂಗಳು ಡಾಕ್ಟರ್ ನೋಡಿ, ಬಿಪಿ ತುಂಬಾ ಕೆಳಗೆ ಹೋಗ್ತಾ ಇದೆ, ರಾತ್ರಿ ಮಾತ್ರೆ ನಿಲ್ಲಿಸಿ, ಬೆಳಿಗ್ಗೆಯದು ಸಾಕು ಅಂದ್ರು. ಅದೇ ದಿನ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಹೂಂ" ಅಂದ್ರು. "ಗೊತ್ತಾಯ್ತಾ?" ಅಂದೆ. "ಹೂಂ ಹೂಂ" ಅಂದ್ರು.

11 ದಿನ ಆದ ಮೇಲೆ ಪಕ್ಕದ ಮನೆಯ ಅಕ್ಕ ಫೋನ್ ಮಾಡಿದ್ರು. ಅಮ್ಮ ಹಿತ್ತಲ ಮೆಟ್ಟಿಲ ಹತ್ತಿರ ತಲೆ ಸುತ್ತಿ ಕೂತುಬಿಟ್ಟಿದ್ರಂತೆ. ಬಿದ್ದಿಲ್ಲ, ಗೋಡೆ ಹಿಡ್ಕೊಂಡು ಕೂತಿದ್ದಾರೆ. ರಾತ್ರಿ ಮಾತ್ರೆ ಇನ್ನೂ ತಗೋತಾನೇ ಇದ್ರು. ನಾನು ಹೇಳಿದ್ದು ಅವರಿಗೆ ಕೇಳಿಸಿರಲೇ ಇಲ್ಲ. ಕೇಳಿಸಲಿಲ್ಲ ಅಂತ ಮಗನಿಗೆ ಮತ್ತೆ ಮತ್ತೆ ಹೇಳೋಕೆ ಸಂಕೋಚ. ಅದಕ್ಕೇ "ಹೂಂ".

ಒಂದು ಮೆಸೇಜ್ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹಾಕಬಹುದಿತ್ತು. ಹೂಂ ಅಂದ್ರಲ್ಲ ಅಂತ ಹಾಕಲಿಲ್ಲ.

ಅವತ್ತು ರಾತ್ರಿ ಕೂತು ಆ ಡಾಂಗಲ್ ಯಾಕೆ ಕೆಲಸ ಮಾಡಲಿಲ್ಲ ಅಂತ ಹುಡುಕಿದೆ. ಮೊದಲೇ ಹುಡುಕಬೇಕಿತ್ತು. ಈಗ ಆ ತಾಂತ್ರಿಕ ಭಾಗಕ್ಕೆ ಬರ್ತೀನಿ.

ಹೆಡ್‌ಫೋನ್ ಒಳಗೆ ಏನಿದೆ? ಒಂದು ಅಯಸ್ಕಾಂತ, ಒಂದು ತಂತಿಯ ಸುರುಳಿ, ಒಂದು ತೆಳುವಾದ ಪೊರೆ. ಸುರುಳಿಗೆ ಏರಿಳಿಯುವ ವಿದ್ಯುತ್ ಕೊಟ್ರೆ ಪೊರೆ ಅಲುಗಾಡುತ್ತೆ, ಗಾಳಿ ಅಲುಗಾಡುತ್ತೆ, ನಮಗೆ ಕೇಳುತ್ತೆ. ಅಷ್ಟೇ. ಅದಕ್ಕೆ ಸಾಫ್ಟ್‌ವೇರ್ ಗೊತ್ತಿಲ್ಲ, ಅಂಕಿ ಗೊತ್ತಿಲ್ಲ. ಅದಕ್ಕೆ ಅಲೆ ಬೇಕು.

ಫೋನಿನಲ್ಲಿ ಇರೋದು ಬರೀ ಅಂಕಿ. ಸಿಡಿ ಗುಣಮಟ್ಟದ ಹಾಡು ಅಂದ್ರೆ ಸೆಕೆಂಡಿಗೆ 44,100 ಸಲ ಅಳೆದ ಅಂಕಿ, ಪ್ರತಿಯೊಂದೂ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದ್ರೆ ಸೆಕೆಂಡಿಗೆ 14,11,200 ಬಿಟ್. ಈ ಅಂಕಿಗಳನ್ನ ಅಲೆಯಾಗಿ ಬದಲಿಸೋ ಚಿಪ್ ಒಂದು ಬೇಕು. ಅದಕ್ಕೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್ ಅಂತಾರೆ, ಚಿಕ್ಕದಾಗಿ ಡ್ಯಾಕ್. ಅದರ ಜೊತೆ ಹೆಡ್‌ಫೋನ್ ಓಡಿಸೋಕೆ ಒಂದು ಸಣ್ಣ ಆಂಪ್ಲಿಫೈಯರ್.

ಇವತ್ತಿನ ಇಡೀ ಮಾತಿನಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ ಅಂದ್ರೆ ಇದು: ಅಂಕಿಯಿಂದ ಅಲೆಗೆ ಬದಲಾವಣೆ ಎಲ್ಲೋ ಒಂದು ಕಡೆ ಆಗಲೇಬೇಕು. ಫೋನಿನ ಒಳಗೆ, ಡಾಂಗಲ್ ಒಳಗೆ, ಮಾನಿಟರ್ ಒಳಗೆ, ಇಲ್ಲಾ ಕಿವಿಯಲ್ಲಿರೋ ಬಡ್ ಒಳಗೆ. ಯಾವುದೇ ಪೋರ್ಟ್ ಮುಂದೆ ಬಂದ್ರೂ ಮೊದಲ ಪ್ರಶ್ನೆ, ಡ್ಯಾಕ್ ಎಲ್ಲಿದೆ?

ಹಳೇ ಗುಂಡು ತೂತಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಡ್ಯಾಕ್ ಫೋನಿನ ಒಳಗೆ, ತೂತಿನಿಂದ ಬರೋದು ಅಲೆ. ಆ ಪ್ಲಗ್‌ನ ವಂಶ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಹೋಗುತ್ತೆ. ಆಪರೇಟರುಗಳು ಒಂದು ಲೈನನ್ನ ಇನ್ನೊಂದಕ್ಕೆ ಸೇರಿಸೋಕೆ ಚುಚ್ಚುತ್ತಿದ್ದ ಕಾಲು ಇಂಚಿನ ಪ್ಲಗ್ ಅದರ ಅಜ್ಜ. ಟ್ರಾನ್ಸಿಸ್ಟರ್ ರೇಡಿಯೊ ಕಾಲದಲ್ಲಿ ಚಿಕ್ಕದಾಯ್ತು, 1979ರಲ್ಲಿ ಸೋನಿ ವಾಕ್‌ಮನ್ ಬಂದ ಮೇಲೆ ಮನೆಮನೆಗೂ ಹೋಯ್ತು. ಯಾವ ಕಂಪನಿಯ ಇಯರ್‌ಫೋನ್ ಆದ್ರೂ ಯಾವ ಕಂಪನಿಯ ಯಂತ್ರಕ್ಕಾದ್ರೂ ಚುಚ್ಚಿದ್ರೆ ಸಾಮಾನ್ಯವಾಗಿ ಹಾಡು ಕೇಳೋದು.

2016ರಲ್ಲಿ ಮೊಟೊ ಝಡ್‌ನಂಥ ಕೆಲವು ಫೋನ್‌ಗಳು ಈ ತೂತನ್ನ ಬಿಟ್ಟವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಐಫೋನ್ 7 ಕೂಡ ಬಿಟ್ಟಿತು. ವೇದಿಕೆ ಮೇಲೆ ಇದಕ್ಕೆ ಕೊಟ್ಟ ಕಾರಣಗಳಲ್ಲಿ "ಧೈರ್ಯ" ಅನ್ನೋ ಮಾತೂ ಇತ್ತು, ನಿಮಗೆ ನೆನಪಿರಬಹುದು. ಒಳಗೆ ಜಾಗ ಉಳಿಯುತ್ತೆ ಅನ್ನೋದೂ ನಿಜವೇ. ಐಫೋನಿನಲ್ಲಿ ಆಗ ಇದ್ದದ್ದು ಲೈಟ್ನಿಂಗ್ ಪೋರ್ಟ್. ಅದರಿಂದ ಹೊರಗೆ ಬರೋದು ಅಂಕಿ, ಹಾಗಾಗಿ ಡ್ಯಾಕ್ ಆ ಪುಟ್ಟ ಬಿಳಿ ಡಾಂಗಲ್ ಒಳಗಿತ್ತು. ಅಲ್ಲಿ ಗೊಂದಲ ಕಡಿಮೆ.

ಗೊಂದಲ ಇರೋದು ಟೈಪ್-ಸಿಯಲ್ಲಿ. ಯಾಕಂದ್ರೆ ಅಲ್ಲಿ ಎರಡು ದಾರಿ ಇವೆ, ಹೊರಗಿನಿಂದ ನೋಡೋಕೆ ಎರಡೂ ಒಂದೇ.

ಟೈಪ್-ಸಿ ಪೋರ್ಟ್‌ನಲ್ಲಿ 24 ಪಿನ್ ಇವೆ, ಮೇಲೆ 12, ಕೆಳಗೆ 12. 2014ರಲ್ಲಿ ಬಂದ ಅದರ ನಿಯಮಾವಳಿಯಲ್ಲೇ ಆಡಿಯೊಗೆ ಅಂತ ಒಂದು ಒಳದಾರಿ ಇತ್ತು. ಡಾಂಗಲ್‌ ಒಳಗೆ ಚಿಪ್ ಏನೂ ಇರಲ್ಲ, ಬರೀ ತಂತಿ ಮತ್ತು ರೆಸಿಸ್ಟರ್. ಅದು ಪೋರ್ಟ್‌ನಲ್ಲಿರೋ ಸಿಸಿ ಅನ್ನೋ ಎರಡು ಪಿನ್‌ಗಳನ್ನ ಗ್ರೌಂಡ್ ಕಡೆಗೆ ಎಳೆದು ಹಿಡಿಯುತ್ತೆ. ಫೋನಿಗೆ ಅದು ಸನ್ನೆ: "ನಾನು ಬರೀ ತಂತಿ, ನೀನೇ ಅಲೆ ಕಳಿಸು." ಫೋನಿನಲ್ಲಿ ಆ ಸೌಲಭ್ಯ ಇದ್ರೆ, ಡೇಟಾ ಹೋಗೋ ಎರಡು ತಂತಿಗಳಲ್ಲೇ ಎಡ ಬಲದ ಶಬ್ದ ಕಳಿಸುತ್ತೆ, ಮೈಕು ಗ್ರೌಂಡಿಗೆ ಇನ್ನೆರಡು ಪಿನ್ ಬಿಟ್ಟುಕೊಡುತ್ತೆ. ಡ್ಯಾಕ್ ಫೋನಿನ ಒಳಗೇ ಇದೆ. ಇದಕ್ಕೆ ಪ್ಯಾಸಿವ್ ಡಾಂಗಲ್ ಅಂತಾರೆ. ಅಗ್ಗ.

ತೊಂದರೆ ಏನಂದ್ರೆ, ಫೋನಿನಲ್ಲಿ ಆ ಸೌಲಭ್ಯ ಇರಲೇಬೇಕು ಅಂತ ನಿಯಮ ಇಲ್ಲ. ಕಂಪನಿ ಬೇಕಾದ್ರೆ ಇಡಬಹುದು, ಬೇಡಾದ್ರೆ ಬಿಡಬಹುದು. ಎಷ್ಟೋ ಫೋನ್‌ಗಳು ಇಡಲ್ಲ. ಆಗ ಡಾಂಗಲ್ ಸನ್ನೆ ಮಾಡ್ತಾನೇ ಇರುತ್ತೆ, ಫೋನಿಗೆ ಆ ಸನ್ನೆ ಗೊತ್ತಿಲ್ಲ. ಎರಡೂ ಕೆಟ್ಟಿಲ್ಲ, ಆದ್ರೂ ಶಬ್ದ ಇಲ್ಲ. ನಾನು ಅಮ್ಮನಿಗೆ ಕಳಿಸಿದ್ದ ಎರಡೂ ಡಾಂಗಲ್ ಇದೇ ಜಾತಿಯವು.

ಎರಡನೇ ದಾರಿ ಆಕ್ಟಿವ್ ಡಾಂಗಲ್. ಇದರ ಪ್ಲಗ್ ಒಳಗೆ ಒಂದು ಪುಟ್ಟ ಚಿಪ್ ಇರುತ್ತೆ. ಡ್ಯಾಕ್, ಆಂಪ್ಲಿಫೈಯರ್, ಮೈಕಿನ ಅಲೆಯನ್ನ ಅಂಕಿ ಮಾಡೋ ಭಾಗ, ಎಲ್ಲ ಅದರಲ್ಲೇ. ಫೋನಿನ ಮಟ್ಟಿಗೆ ಇದೊಂದು ಯುಎಸ್‌ಬಿ ಸೌಂಡ್ ಕಾರ್ಡ್. ಇದಕ್ಕೆ ಯುಎಸ್‌ಬಿ ಆಡಿಯೊ ಕ್ಲಾಸ್ ಅನ್ನೋ ನಿಯಮಾವಳಿ 1998ರಿಂದಲೇ ಇದೆ. ಹಾಗಾಗಿ ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಬೇಡ. ಆಂಡ್ರಾಯ್ಡ್‌ನಲ್ಲಿ 5.0 ಆವೃತ್ತಿಯಿಂದ ಇದಕ್ಕೆ ಬೆಂಬಲ ಇದೆ. 2017ರ ಪಿಕ್ಸೆಲ್ 2 ಜೊತೆ ಬಂದದ್ದೂ, ಆಪಲ್ ಮಾರೋ ಟೈಪ್-ಸಿ ಡಾಂಗಲ್ಲೂ ಈ ಜಾತಿಯವೇ. ಐಫೋನ್ 15ರಿಂದ ಟೈಪ್-ಸಿ ಬಂತಲ್ಲ, ಅದಕ್ಕೂ ಆಕ್ಟಿವ್ ಡಾಂಗಲ್ಲೇ ಬೇಕು.

ಅಂಗಡಿಯಲ್ಲಿ ಇವೆರಡನ್ನ ಬೇರೆ ಮಾಡೋದು ಹೇಗೆ? ಡಬ್ಬಿ ಮೇಲೆ ಡ್ಯಾಕ್ ಅಂತ ಬರೆದಿದೆಯಾ, ಅಥವಾ 24 ಬಿಟ್, 96 ಕಿಲೋಹರ್ಟ್ಸ್ ಅಂತ ಅಂಕಿ ಕೊಟ್ಟಿದ್ದಾರಾ ನೋಡಿ. ಬರೀ ತಂತಿಗೆ ಬಿಟ್ ಲೆಕ್ಕ ಇರಲ್ಲ. ಬರೀ "ಎಲ್ಲಾ ಟೈಪ್-ಸಿ ಫೋನ್‌ಗೆ" ಅಂತ ಇದ್ರೆ ಅನುಮಾನ ಪಡಿ.

ಮನೆಯಲ್ಲಿ ಈಗಾಗಲೇ ಇರೋದನ್ನ ಪರೀಕ್ಷೆ ಮಾಡೋದು ಇನ್ನೂ ಸುಲಭ. ಡಾಂಗಲ್‌ಗೆ ಮೊದಲು ಇಯರ್‌ಫೋನ್ ಚುಚ್ಚಿ, ಆಮೇಲೆ ಡಾಂಗಲ್ಲನ್ನ ಲ್ಯಾಪ್‌ಟಾಪಿನ ಟೈಪ್-ಸಿ ಪೋರ್ಟಿಗೆ ಚುಚ್ಚಿ. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಹೊಸ ಡಿವೈಸ್ ಹೆಸರು ಕಾಣಿಸಿದ್ರೆ ಆಕ್ಟಿವ್. ಲಿನಕ್ಸ್‌ನವರು ಎಲ್‌ಎಸ್‌ಯುಎಸ್‌ಬಿ ಕಮ್ಯಾಂಡ್ ಕೊಟ್ಟು ನೋಡಬಹುದು. ಏನೂ ಕಾಣಿಸಲಿಲ್ಲ ಅಂದ್ರೆ ಬಹುತೇಕ ಪ್ಯಾಸಿವ್. ಇಯರ್‌ಫೋನ್ ಮೊದಲು ಚುಚ್ಚಿ ಅಂದೆನಲ್ಲ, ಕೆಲವು ಡಾಂಗಲ್ ಖಾಲಿ ಇದ್ದಾಗ ತಮ್ಮ ಇರವನ್ನೇ ಹೇಳಲ್ಲ, ಅದಕ್ಕೆ.

ಸರಿ, ನಾನು 600 ರೂಪಾಯಿ ಕೊಟ್ಟು ಡ್ಯಾಕ್ ಇರೋ ಡಾಂಗಲ್ ತಗೊಂಡೆ. ನನ್ನ ಫೋನಿಗೆ ಹಾಕಿ ನೋಡಿದೆ, ಹಾಡು ಬಂತು, ಮೈಕೂ ಬಂತು. ಶುಕ್ರವಾರ ರಾತ್ರಿ ಬಸ್ ಹತ್ತಿದೆ. ಬೆಳಿಗ್ಗೆ ಊರು. ಕಾಫಿ ಕುಡಿಯೋಕೆ ಮೊದಲೇ ಅಮ್ಮನ ಫೋನಿಗೆ ಚುಚ್ಚಿದೆ.

ಶಬ್ದ ಇಲ್ಲ.

ನನ್ನ ಮುಖ ನೋಡಿ ಅಮ್ಮನೇ ಸಮಾಧಾನ ಮಾಡಿದ್ರು, "ಇರಲಿ ಬಿಡಪಾ, ಮೊದಲು ನಾಷ್ಟಾ ಮಾಡು."

ಕಾರಣ ಸಿಕ್ಕಿದ್ದು ನಾಷ್ಟಾ ಆದ ಮೇಲೆ. ಆಕ್ಟಿವ್ ಡಾಂಗಲ್ ಕೆಲಸ ಮಾಡಬೇಕು ಅಂದ್ರೆ ಫೋನ್ ಯಜಮಾನನ ಪಾತ್ರ ವಹಿಸಬೇಕು, ಅದಕ್ಕೆ ಕರೆಂಟ್ ಕೊಡಬೇಕು. ಇದೇ ಓಟಿಜಿ. ನಮ್ಮಲ್ಲಿ ಮಾರಾಟ ಆಗೋ ಕೆಲವು ಫೋನ್‌ಗಳಲ್ಲಿ ಓಟಿಜಿಗೆ ಸೆಟ್ಟಿಂಗ್ಸ್‌ನಲ್ಲಿ ಒಂದು ಸ್ವಿಚ್ ಇರುತ್ತೆ, ಅದು ಮೊದಲಿಂದಲೇ ಆಫ್. ಆನ್ ಮಾಡಿದೆ. ತಕ್ಷಣ ಅಮ್ಮನ ಮುಖ ಅರಳಿತು. ನಾನು ಅಂಗಳಕ್ಕೆ ಹೋಗಿ ಅಲ್ಲಿಂದ ಫೋನ್ ಮಾಡಿದೆ. "ಬಾಜೂಕ ಕುಂತಂಗ ಆತು" ಅಂದ್ರು.

ಸಂಜೆ ಮತ್ತೆ ಚುಚ್ಚಿದ್ರೆ ಕೆಲಸ ಮಾಡ್ತಿಲ್ಲ. ನೋಡಿದ್ರೆ ಸ್ವಿಚ್ ಮತ್ತೆ ಆಫ್. ಬ್ಯಾಟರಿ ಉಳಿಸೋಕೆ, 10 ನಿಮಿಷ ಏನೂ ಚುಚ್ಚದೇ ಇದ್ರೆ ಅದು ತಾನೇ ಆಫ್ ಆಗುತ್ತೆ. ಒಬ್ಬ ಇಂಜಿನಿಯರ್ ಆಗಿ ನನಗೆ ಆ ನಿರ್ಧಾರ ಅರ್ಥ ಆಗುತ್ತೆ. ಪೆನ್‌ಡ್ರೈವ್ ಚುಚ್ಚೋರಿಗೆ ಅದು ಸರಿ. ಫೋನ್ ರಿಂಗ್ ಆದಾಗ ಇಯರ್‌ಫೋನ್ ಚುಚ್ಚೋ ಅಜ್ಜಿಯನ್ನ ಯಾರೂ ನೆನಪಿಸಿಕೊಂಡಿಲ್ಲ ಅಷ್ಟೇ. ನಾನು ಬರೆದ ಕೋಡಿನಲ್ಲಿ ಇಂಥವರನ್ನ ಎಷ್ಟು ಸಲ ಮರೆತಿದ್ದೀನೋ ಗೊತ್ತಿಲ್ಲ.

ಓಟಿಜಿ ಗುಂಡಿಯನ್ನ ಮೇಲಿನಿಂದ ಎಳೆಯೋ ಪಟ್ಟಿಗೆ ತಂದು ಇಟ್ಟೆ. ಅಮ್ಮ ಟೀಚರಲ್ವಾ, ಡೈರಿಯಲ್ಲಿ ನಂಬರ್ ಹಾಕಿ ಬರೆದುಕೊಂಡ್ರು. 1. ಮ್ಯಾಲಿಂದ ಎಳೀಬೇಕು. 2. ಗುಂಡಿ ಒತ್ತಬೇಕು. 3. ಬಾಲ ಚುಚ್ಚಬೇಕು. 4. ಆಮೇಲೆ ಫೋನ್ ಎತ್ತಬೇಕು. ಒಂದು ವಾರ ಶಿಸ್ತಾಗಿ ಮಾಡಿದ್ರು. ಎಂಟನೇ ದಿನ ಹೇಳಿದ್ರು, "ಇಷ್ಟೆಲ್ಲಾ ಮಾಡೂದ್ರಾಗ ನಿನ್ನ ರಿಂಗು ನಿಂತು ಬಿಡತೈತಿ."

ಸದಾ ಚುಚ್ಚಿಯೇ ಇಡಬಹುದಲ್ಲ? ಇಡಬಹುದು, ಆದರೆ ಇರೋದು ಒಂದೇ ಪೋರ್ಟ್. ಚಾರ್ಜ್ ಎಲ್ಲಿಂದ? ಚಾರ್ಜಿಂಗೂ ಇಯರ್‌ಫೋನೂ ಎರಡೂ ಇರೋ ಕವಲು ಡಾಂಗಲ್ ಸಿಗುತ್ತೆ, ಅದರಲ್ಲೂ ಮತ್ತೆ ಅದೇ ಪ್ರಶ್ನೆ, ಡ್ಯಾಕ್ ಇದೆಯಾ ಇಲ್ವಾ. ಅಮ್ಮನ ಕೈಗೆ ಇನ್ನೊಂದು ಬಾಲ ಕೊಡೋಕೆ ನನಗೆ ಮನಸ್ಸು ಬರಲಿಲ್ಲ.

ಕೊನೆಗೆ ಏನು ಮಾಡಿದೆ ಗೊತ್ತಾ? ಅವರ ಹಳೇ ಫೋನನ್ನ ತಗೊಂಡು ಹೋಗಿ 900 ರೂಪಾಯಿಗೆ ಹೊಸ ಬ್ಯಾಟರಿ ಹಾಕಿಸಿದೆ. ಅದರಲ್ಲಿ ತೂತು ಇದೆ, ವಾಟ್ಸಾಪ್ ನಡೆಯುತ್ತೆ, ಅಮ್ಮನಿಗೆ ಅದರ ಪ್ರತಿ ಗುಂಡಿಯೂ ಗೊತ್ತು. ಮೊದಲಿಂದ ಕೆಟ್ಟಿದ್ದು ಬ್ಯಾಟರಿ ಒಂದೇ. ಆ ಹೊಸ ಫೋನ್ ಈಗ ನನ್ನ ಹತ್ತಿರ ಇದೆ. ಇವತ್ತು ಟಿಪ್ಪಣಿ ನೋಡಿಕೊಂಡು ಮಾತಾಡ್ತಾ ಇರೋದು ಅದರಲ್ಲೇ.

ಹಾಗಾಗಿ ನನ್ನ ಪ್ರಶ್ನೆ ಈಗ ಎರಡು. ಡ್ಯಾಕ್ ಎಲ್ಲಿದೆ? ಕೇಳೋ ಮನುಷ್ಯ ಏನೇನು ಮಾಡಬೇಕಾಗುತ್ತೆ? ಎರಡನೆಯದನ್ನ ಯಾವ ಡಬ್ಬಿ ಮೇಲೂ ಬರೆದಿರಲ್ಲ. ಊರಲ್ಲಿರೋರಿಗೆ ಫೋನ್ ಕೊಳ್ಳುವಾಗ 3.5 ಮಿಲಿಮೀಟರ್ ತೂತು ಇರೋದನ್ನೇ ಹುಡುಕಿ. ಕಡಿಮೆ ಬೆಲೆಯ ಫೋನ್‌ಗಳಲ್ಲಿ ಇನ್ನೂ ಸಿಗುತ್ತೆ. ಇನ್ನೊಂದು ವಿಷಯ, ಫೋನಿನಲ್ಲಿ ಎಫ್‌ಎಂ ರೇಡಿಯೊ ಕೇಳೋರಿಗೆ ಇಯರ್‌ಫೋನಿನ ವೈರೇ ಆಂಟೆನಾ. ಡಾಂಗಲ್ ಹಾಕಿದ್ರೆ ಹಾಡು ಬರಬಹುದು, ರೇಡಿಯೊ ಬರುತ್ತೆ ಅಂತ ನಂಬಬೇಡಿ.

ಈಗ ನಮ್ಮ ನಿಮ್ಮ ದಿನದ ಪಾಡಿಗೆ ಬರೋಣ. ಪಿಜಿ ರೂಮು, ಆಫೀಸ್, ಮೀಟಿಂಗ್. ಅದೇ ಪ್ರಶ್ನೆ ಇಟ್ಟುಕೊಂಡು ಬೇಗ ಬೇಗ ನೋಡೋಣ.

ಲ್ಯಾಪ್‌ಟಾಪಿನ ಜ್ಯಾಕ್ ಕೆಟ್ಟಿದೆ, ಹಳೇ ಚೌಕದ ಯುಎಸ್‌ಬಿ ಪೋರ್ಟ್ ಇದೆ. ಆ ಪೋರ್ಟ್‌ನಲ್ಲಿ ಅಲೆ ಕಳಿಸೋ ಒಳದಾರಿ ಇಲ್ಲವೇ ಇಲ್ಲ. ಹಾಗಾಗಿ ಅದಕ್ಕೆ ಸಿಗೋ ಪುಟ್ಟ ಸೌಂಡ್ ಕಾರ್ಡ್‌ಗಳಲ್ಲಿ ಡ್ಯಾಕ್ ಇದ್ದೇ ಇರುತ್ತೆ. ಕಣ್ಣು ಮುಚ್ಚಿ ತಗೊಳ್ಳಬಹುದು. ನಿಮ್ಮ ಹೆಡ್‌ಸೆಟ್‌ನಲ್ಲಿ ಒಂದೇ ಪ್ಲಗ್ ಇದೆಯೋ, ಮೈಕಿಗೆ ಬೇರೆ ಪ್ಲಗ್ ಇದೆಯೋ ಅದನ್ನ ಮಾತ್ರ ನೋಡಿಕೊಳ್ಳಿ.

ಎಚ್‌ಡಿಎಂಐ ಮಾನಿಟರ್. ಎಚ್‌ಡಿಎಂಐ ಮತ್ತು ಡಿಸ್‌ಪ್ಲೇಪೋರ್ಟ್ ಎರಡರಲ್ಲೂ ಚಿತ್ರದ ಜೊತೆ ಶಬ್ದವೂ ಅಂಕಿಯಾಗಿ ಹೋಗುತ್ತೆ. ಮಾನಿಟರಿನ ಹಿಂದೆ ಹೆಡ್‌ಫೋನ್ ತೂತು ಇದ್ರೆ ಡ್ಯಾಕ್ ಮಾನಿಟರ್ ಒಳಗಿದೆ ಅಂತ ಅರ್ಥ. ಲ್ಯಾಪ್‌ಟಾಪ್‌ನಲ್ಲಿ ಔಟ್‌ಪುಟ್ ಆಗಿ ಮಾನಿಟರ್ ಹೆಸರನ್ನ ಆರಿಸಿ. ಮ್ಯಾಕ್‌ನಲ್ಲಿ ಆಗ ವಾಲ್ಯೂಮ್ ಗುಂಡಿ ಕೆಲಸ ಮಾಡದಿದ್ರೆ ಗಾಬರಿ ಬೇಡ, ಮಾನಿಟರಿನ ಮೆನುವಿನಲ್ಲಿ ಹೆಚ್ಚು ಕಡಿಮೆ ಮಾಡಬೇಕು. ಆದರೆ ಒಂದು ಎಚ್ಚರಿಕೆ. ಆ ತೂತು ಸಾಮಾನ್ಯವಾಗಿ ಕೇಳೋಕೆ ಮಾತ್ರ. ಹೆಡ್‌ಸೆಟ್ ಮೈಕಿನ ದನಿ ಅಲ್ಲಿಂದ ವಾಪಸ್ ಬರಲ್ಲ. ಮೀಟಿಂಗ್‌ನಲ್ಲಿ ನಿಮಗೆ ಎಲ್ಲರೂ ಕೇಳ್ತಾರೆ, ನೀವು ಯಾರಿಗೂ ಕೇಳಲ್ಲ. ಇನ್ನು ಎಚ್‌ಡಿಎಂಐನಿಂದ ವಿಜಿಎಗೆ ಹೋದ್ರೆ ಶಬ್ದದ ಕಥೆ ಅಲ್ಲೇ ಮುಗೀತು, ವಿಜಿಎ ತಂತಿಯಲ್ಲಿ ಶಬ್ದವೇ ಇಲ್ಲ. ಅಡಾಪ್ಟರಿನಲ್ಲೇ ಪ್ರತ್ಯೇಕ ಆಡಿಯೊ ತೂತು ಇರೋದನ್ನ ತಗೋಬೇಕು.

ಟಿವಿ. ರೂಮಿನಲ್ಲಿ ಜೊತೆಯವನು ಮಲಗಿದ್ದಾನೆ, ನಿಮಗೆ ಮ್ಯಾಚ್ ನೋಡಬೇಕು. ಟಿವಿಯಲ್ಲಿ ಹೆಡ್‌ಫೋನ್ ತೂತಿಲ್ಲ, ಒಂದು ಚೌಕ ಕಂಡಿ ಇದೆ, ಒಳಗೆ ಕೆಂಪು ಬೆಳಕು. ಅದು ಆಪ್ಟಿಕಲ್, ಟಾಸ್‌ಲಿಂಕ್ ಅಂತಾರೆ, 1983ರಲ್ಲಿ ತೋಷಿಬಾ ತಂದದ್ದು. ಬೆಳಕಿನಲ್ಲಿ ಅಂಕಿ ಹೋಗುತ್ತೆ. ಅದಕ್ಕೆ ಒಂದು ಪುಟ್ಟ ಡ್ಯಾಕ್ ಡಬ್ಬಿ ಬೇಕು, ಡಬ್ಬಿಗೆ ಬೇರೆ ಕರೆಂಟ್ ಬೇಕು, ಹೆಡ್‌ಫೋನ್ ತೂತೂ ಇರಬೇಕು. ಎಲ್ಲ ಜೋಡಿಸಿದ ಮೇಲೂ ಬರೀ ಗರಗರ ಅಂದ್ರೆ ಅಥವಾ ಮೌನ ಇದ್ರೆ, ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ಟನ್ನ ಪಿಸಿಎಂ ಅಂತ ಮಾಡಿ. ಅಗ್ಗದ ಡಬ್ಬಿಗಳಿಗೆ ಡಾಲ್ಬಿ ಬಿಚ್ಚೋಕೆ ಬರಲ್ಲ.

ಬ್ಲೂಟೂತ್. ಡ್ಯಾಕ್ ನಿಮ್ಮ ಕಿವಿಯಲ್ಲೇ ಇದೆ. ಹಾಡು ಚೆನ್ನಾಗಿ ಕೇಳುತ್ತೆ, ಮೀಟಿಂಗ್ ಸೇರಿದ ತಕ್ಷಣ ದನಿ ಹಳೇ ಲ್ಯಾಂಡ್‌ಲೈನ್ ಥರ ಆಗುತ್ತೆ. ಯಾಕೆ? ಹಾಡಿಗೆ ಬಳಸೋ ಪ್ರೊಫೈಲ್ ಒನ್ ವೇ. ಮೈಕ್ ಬೇಕು ಅಂದಾಗ ಸಾಮಾನ್ಯವಾಗಿ ಅದು ಹ್ಯಾಂಡ್ಸ್-ಫ್ರೀ ಪ್ರೊಫೈಲಿಗೆ ಇಳಿಯುತ್ತೆ, ಅಲ್ಲಿ ಸ್ಯಾಂಪ್ಲಿಂಗ್ ಸೆಕೆಂಡಿಗೆ 8,000 ಅಥವಾ 16,000 ಮಾತ್ರ. ಪರಿಹಾರ ಸುಲಭ. ಮೀಟಿಂಗ್ ಆ್ಯಪ್‌ನಲ್ಲಿ ಮೈಕ್ ಆಗಿ ಲ್ಯಾಪ್‌ಟಾಪಿನದನ್ನ ಆರಿಸಿ, ಕೇಳೋಕೆ ಮಾತ್ರ ಬ್ಲೂಟೂತ್ ಇಡಿ. ಇಲ್ಲಾ ವೈರಿನ ಯುಎಸ್‌ಬಿ ಹೆಡ್‌ಸೆಟ್ ಹಾಕಿ, ಅದಕ್ಕೆ ಈ ತೊಂದರೆ ಇಲ್ಲ. ಇಂಟರ್‌ವ್ಯೂ ಇದ್ದ ದಿನ ನಾನು ವೈರೇ ಹಾಕೋದು.

ಕೊನೆಯದು, ಹಳೇ ಇಯರ್‌ಫೋನ್. ಹಾಡು ಬರುತ್ತೆ, ಆದರೆ ಗಾಯಕರ ದನಿ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಮೈಕಿನ ಗುಂಡಿ ಒತ್ತಿ ಹಿಡಿದ್ರೆ ಮಾತ್ರ ಸರಿಯಾಗುತ್ತೆ. ಹಾಗಾದ್ರೆ ಪ್ಲಗ್‌ನ ನಾಲ್ಕು ಉಂಗುರಗಳಲ್ಲಿ ಮೈಕೂ ಗ್ರೌಂಡೂ ಅದಲು ಬದಲಾಗಿವೆ. ಸಿಟಿಐಎ, ಓಎಂಟಿಪಿ ಅಂತ ಎರಡು ಪದ್ಧತಿ ಇದ್ದವು, ಈಗಿನವು ಬಹುತೇಕ ಸಿಟಿಐಎ. ಡಾಂಗಲ್ ಬೈಬೇಡಿ, ಇಯರ್‌ಫೋನ್ ಬದಲಿಸಿ.

ಇಷ್ಟೇ ತಾಂತ್ರಿಕ ಭಾಗ. ನಾವೆಲ್ಲ ಊರಿನಿಂದ ಎಂಟು ಹತ್ತು ಗಂಟೆ ದೂರ ಇದ್ದೀವಿ, ಚೆನ್ನೈ, ದೆಹಲಿಯವರು ಇನ್ನೂ ದೂರ. ಊರಲ್ಲಿರೋರಿಗೂ ನಮಗೂ ನಡುವೆ ಇರೋದು ಒಂದು ದನಿ. ಆ ದನಿ ಆ ಕಡೆ ನಿಜವಾಗಿ ಮುಟ್ಟುತ್ತಾ ಇದೆಯಾ ಅಂತ ನಾವು ಪರೀಕ್ಷೆ ಮಾಡಲ್ಲ. "ಹೂಂ" ಬಂದ್ರೆ ಮುಟ್ಟಿತು ಅಂದುಕೊಳ್ತೀವಿ. ನೆಟ್‌ವರ್ಕ್ ಪ್ರೋಗ್ರಾಂ ಬರೆಯುವಾಗ ಅಕ್‌ನಾಲೆಜ್‌ಮೆಂಟ್ ಬಂದ್ರೆ ಸಾಲದು, ಡೇಟಾ ಸರಿಯಾಗಿ ಬಂತಾ ಅಂತ ಚೆಕ್‌ಸಮ್ ನೋಡ್ತೀವಿ. ಮನೆಗೆ ಮಾತಾಡುವಾಗ ನೋಡಲ್ಲ.

ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಒಂದು ಕೆಲಸ ಮಾಡಿ. ಮಾತ್ರೆ ವಿಷಯವೋ, ಬ್ಯಾಂಕ್ ವಿಷಯವೋ ಹೇಳಿದ ಮೇಲೆ, "ನಾ ಈಗ ಏನು ಹೇಳಿದೆ, ಒಮ್ಮೆ ನೀನು ಹೇಳು" ಅಂತ ಕೇಳಿ. ಬೇಜಾರಾಗಬಾರದು, ಹಾಗೆ ಕೇಳಿ. ನಾನು ಈಗ ಪ್ರತಿ ಸಲ ಕೇಳ್ತೀನಿ. ಮೊದಮೊದಲು ಅಮ್ಮ, "ನನಗ ಪರೀಕ್ಷಾ ತಗೋತೀಯೇನಲೇ?" ಅಂತ ನಕ್ಕರು. ಈಗ ಕೇಳೋಕೆ ಮೊದಲೇ ಅವರೇ ಒಪ್ಪಿಸ್ತಾರೆ: "ಮುಂಜಾನೆ ಒಂದು, ರಾತ್ರಿ ಇಲ್ಲ. ಕೇಳಿಸ್ತು. ಇನ್ನ ನೀ ಮಕ್ಕೋ."

ನಿಮ್ಮ ಡ್ರಾಯರಿನ ಡಾಂಗಲ್‌ಗಳನ್ನ ಇವತ್ತೇ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ.